ಈ ಕಡೆಯಿಂದ ಏಳಕ್ಕೆ ಹೊರಡುವುದು

ನಮ್ಮಪ್ಪನಿಗೆ ಹಡಗು ನಿಲ್ಲುವ ದಕ್ಕೆಯ ಜನ ಇಟ್ಟ ಹೆಸರು ‘ಒಂದ್ವೇಳೆ’. ಬೆನ್ನ ಹಿಂದೆ ಬರೀ ಒಂದ್ವೇಳೆ, ಎದುರಿಗೆ ಒಂದ್ವೇಳೆ ಸಾಹೇಬ್ರು. ಅಪ್ಪನಿಗೂ ಇದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. “ಒಂದ್ವೇಳೆ ಇದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ರೆ ಏನ್ ಮಾಡ್ತಿದ್ದೆ?” ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಮೂವತ್ತೊಂದು ವರ್ಷ ಅವನು ಹಡಗಿನ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ. ನಮ್ಮ ದಕ್ಕೆಯಿಂದ ಹದಿನಾಲ್ಕು ಮೈಲಿ ಆಚೆ ಒಂದು ದ್ವೀಪವಿದೆ; ದೊಡ್ಡ ಹಡಗು ದಿನಕ್ಕೆರಡು ಸಲ ಅಲ್ಲಿಗೆ ಜನರನ್ನು ಸಾಗಿಸುತ್ತದೆ. ಬೇರೆ ಗುಮಾಸ್ತರು ಟಿಕೆಟ್ ಹರಿದು ಕೊಟ್ಟು “ಮುಂದಿನವರು” ಎನ್ನುತ್ತಿದ್ದರು. ಅಪ್ಪ ಮಾತ್ರ ಟಿಕೆಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ವಿಚಾರಣೆ ಶುರು ಮಾಡುತ್ತಿದ್ದ. ಸ್ವೆಟರ್ ತಂದಿದ್ದೀರಾ, ಒಂದ್ವೇಳೆ ಗಾಳಿ ಎದ್ದರೆ? ವಾಂತಿಯಾದರೆ ಚೀಲವಿದೆಯಾ? ಒಮ್ಮೆ ಮದುವೆಯಾಗಿ ಮೂರು ದಿನವಾಗಿದ್ದ ಜೋಡಿಯೊಂದು ಕೈಕೈ ಹಿಡಿದು ಬಂದು ಎರಡು ಟಿಕೆಟ್ ಕೇಳಿತು. “ವಾಪಸ್ ಬರೋದಕ್ಕೆ ಬೇರೆ ಬೇರೆ ದಿನದ್ದು ತಗೊಳ್ಳಿ, ಒಂದ್ವೇಳೆ ಅಲ್ಲಿ ಜಗಳ ಆದ್ರೆ?” ಎಂದ ಅಪ್ಪ. ಹುಡುಗಿ ಸಿಟ್ಟಿನಿಂದ ಮುಖ ತಿರುಗಿಸಿದಳು, ಹುಡುಗ ನಕ್ಕ, ನಕ್ಕಿದ್ದೇಕೆಂದು ಹುಡುಗಿ ಕೇಳಿದಳು, ಜಗಳ ದಕ್ಕೆಯಲ್ಲೇ ಆಗಿಹೋಯಿತು. ಅಪ್ಪ ಅದನ್ನು ತನ್ನ ಮುಂದಾಲೋಚನೆಗೆ ಸಿಕ್ಕ ಸರ್ಟಿಫಿಕೇಟ್ ಎಂದು ತಿಳಿದ.

ಇಷ್ಟೆಲ್ಲ ಜನರನ್ನು ಸಮುದ್ರ ದಾಟಿಸಿದ ಮನುಷ್ಯ ಸ್ವತಃ ಒಂದು ದಿನವೂ ಹಡಗು ಹತ್ತಿರಲಿಲ್ಲ. ಹತ್ತಬೇಕಾದ ಕಾರಣ ಇತ್ತು, ದೊಡ್ಡ ಕಾರಣವೇ. ಆ ದ್ವೀಪದಲ್ಲಿ ಅಪ್ಪನ ಅಕ್ಕ ಇದ್ದಳು, ನನಗೆ ಅತ್ತೆ. ತಾಯಿಯಿಲ್ಲದ ತಮ್ಮನನ್ನು ಒಂಬತ್ತು ವರ್ಷದ ಹುಡುಗಿ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಇಪ್ಪತ್ತೆಂಟು ವರ್ಷದ ಹಿಂದೆ ದ್ವೀಪದ ಶಾಲೆಗೆ ಟೀಚರಾಗಿ ಹೋದವಳು ಅಲ್ಲೇ ಉಳಿದುಬಿಟ್ಟಳು. ವರ್ಷಕ್ಕೆರಡು ಸಲ ಅವಳೇ ನಮ್ಮ ಮನೆಗೆ ಬರುತ್ತಿದ್ದಳು. ಹೊರಡುವಾಗ ಪ್ರತಿಸಲವೂ ಕೇಳುತ್ತಿದ್ದಳು, “ನೀನು ಯಾವಾಗ ಬರ್ತೀಯೋ?” ಅಪ್ಪ ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದ: “ರಜ ಸಿಗ್ಲಿಲ್ಲ ಕಣಕ್ಕ. ಸಿಕ್ಕಿದ ತಕ್ಷಣ ಬರ್ತೀನಿ.”

ಹೋದ ವರ್ಷ ಅಪ್ಪ ರಿಟೈರ್ ಆದ. ಅದೇ ವರ್ಷ ಅತ್ತೆಯ ಮೊಣಕಾಲು ಕೈಕೊಟ್ಟಿತು. ದೊಡ್ಡ ಹಡಗಿನ ಕಬ್ಬಿಣದ ಮೆಟ್ಟಿಲು ಹತ್ತಲಾಗದೆ ಅವಳು ಬರುವುದು ನಿಂತಿತು. ಒಂದು ಭಾನುವಾರ ಅವಳು ಫೋನ್ ಮಾಡಿ, ಮುಂದಿನ ತಿಂಗಳು ತನಗೆ ಎಪ್ಪತ್ತು ತುಂಬುತ್ತದೆ, ಈಗಲಾದರೂ ಬರುತ್ತೀಯಾ ಎಂದು ಕೇಳಿದಳು. ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಡಿ, ಅಪ್ಪನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: “ರಜ ಸಿಗ್ಲಿಲ್ಲ ಕಣಕ್ಕ.”

ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳುವಷ್ಟು ಜೋರಾಗಿ ಅತ್ತೆಯ ದನಿ ಬಂತು.

“ಯಾರೋ ಕೊಡ್ಬೇಕು ನಿಂಗೆ ರಜ? ನಿನ್ನ ಹೆಂಡ್ತಿನಾ? ಕೇಳು ಇಲ್ಲಿ. ಎಪ್ಪತ್ತು ತುಂಬೋ ದಿನ ನೀನು ನನ್ನ ಮನೆ ಬಾಗಿಲಲ್ಲಿ ಇರ್ಬೇಕು. ಇಲ್ಲಾಂದ್ರೆ ಇನ್ಮೇಲೆ ಯಾವತ್ತು ಬಂದ್ರೂ ಬಾಗಿಲು ತೆಗ್ಯಲ್ಲ. ಅಲ್ಲಿತನಕ ಫೋನೂ ಎತ್ತಲ್ಲ. ಮಾತಾಡೋದಿದ್ರೆ ಬಾಗಿಲಲ್ಲಿ ನಿಂತು ಮಾತಾಡು!”

ಅತ್ತೆ ಹೇಳಿದರೆ ಹೇಳಿದಂತೆ. ಮಾರನೆಯ ದಿನ ಅಪ್ಪ ಹನ್ನೊಂದು ಸಲ ಫೋನ್ ಮಾಡಿದ, ಒಂದು ಸಲವೂ ಅವಳು ಎತ್ತಲಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನನ್ನ ಶೆಡ್ಡಿಗೆ ಬಂದು, ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಪೇಪರ್ ಹಾಸಿ ಕೂತು, “ಹೋಗೋಣ” ಎಂದ.

ನಾನು ದೋಣಿ ಎಂಜಿನ್ ರಿಪೇರಿ ಮಾಡುವವಳು. ನನ್ನ ಹತ್ತಿರ ಹದಿನಾರು ಅಡಿಯ ಒಂದು ಫೈಬರ್ ದೋಣಿಯಿದೆ. ರಿಪೇರಿ ಮಾಡಿದ ಎಂಜಿನ್ ಹೇಗೆ ಓಡುತ್ತದೆಂದು ನೋಡಲು ಎಷ್ಟೋ ಸಲ ದ್ವೀಪದವರೆಗೆ ಹೋಗಿ ಬಂದಿದ್ದೇನೆ. ನಿಧಾನವಾಗಿ ಹೋದರೂ ಎರಡು ಗಂಟೆಯ ದಾರಿ. ದೊಡ್ಡ ಹಡಗು ಆ ಎರಡು ತಿಂಗಳೂ ರಿಪೇರಿಗೆ ನಿಂತಿತ್ತು, ಟಪಾಲು ದೋಣಿಯಲ್ಲಿ ಜನರನ್ನು ಹತ್ತಿಸುವುದಿಲ್ಲ. ಹಾಗಾಗಿ ಹೋಗುವುದಿದ್ದರೆ ನನ್ನ ದೋಣಿಯಲ್ಲೇ ಹೋಗಬೇಕಿತ್ತು.

“ನಾಳೆನೇ ಹೋಗೋಣ” ಎಂದೆ.

“ನಾಳೆನಾ? ನಿಂಗೆ ತಲೆ ಸರಿ ಇದೆಯಾ? ಇನ್ನೂ ಇಪ್ಪತ್ತಾರು ದಿನ ಇದೆ. ಇವತ್ತು ಶುರು ಮಾಡಿದ್ರೂ ತಯಾರಿಗೆ ಟೈಮ್ ಸಾಲಲ್ಲ” ಎಂದ ಅಪ್ಪ.

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಆ ಸಂಜೆಯೇ ಅಪ್ಪ ನಡುಮನೆಯ ಸೋಫಾ ಗೋಡೆಗೆ ಸರಿಸಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಹದಿನಾರು ಅಡಿಯ ದೋಣಿ ಬರೆದ. ಮೂತಿ ಟಿವಿಯ ಕೆಳಗೆ ಬಂತು, ಎಂಜಿನ್ ಬಚ್ಚಲುಮನೆಯ ಬಾಗಿಲಿಗೆ ಹೋಯಿತು. ಎರಡೂ ಬದಿ ಭಾರ ಸಮನಾಗಿರಬೇಕೆಂದು ಅಮ್ಮನನ್ನು ಕರೆದು ಎಡಗಡೆ ಕೂರಿಸಿದ. ಅಮ್ಮ ಬೀನ್ಸ್ ಬಿಡಿಸುತ್ತ ಕೂತಳು. ಮಧ್ಯೆ ಕುಕ್ಕರ್ ಕೂಗಿತು, ಅಮ್ಮ ಎದ್ದಳು, ಅಪ್ಪ “ಎದ್ದು ನಿಲ್ಬಾರ್ದು! ದೋಣಿ ಮಗುಚುತ್ತೆ!” ಎಂದು ಕಿರುಚಿದ.

“ಮಗುಚಲಿ ಬಿಡಿ. ಬೇಳೆ ಸೀದ್ರೆ ನೀವು ತಿಂತೀರಾ?” ಎಂದು ಅಮ್ಮ ನೀರಿನ ಮೇಲೆಯೇ ನಡೆದು ಒಲೆ ಆರಿಸಿ ಬಂದಳು.

ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸಕ್ಕೆ ದಿಂಬನ್ನು ಬಳಸಿದೆವು. ಅಪ್ಪ ಯಾವ ಹೊತ್ತಿನಲ್ಲಾದರೂ ದಿಂಬು ಎಸೆದು “ಬಿದ್ದ!” ಎಂದು ಕೂಗುತ್ತಿದ್ದ, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹಗ್ಗ ಎಸೆಯಬೇಕಿತ್ತು. ಲೈಫ್ ಜಾಕೆಟ್ ಪರೀಕ್ಷೆಗೆ ನೀರು ತುಂಬಿದ ದೊಡ್ಡ ಡ್ರಮ್ಮಿಗೆ ಇಳಿದ. ಜಾಕೆಟ್ ತೇಲಿತು, ಅದರೊಳಗೆ ಅಪ್ಪನೂ ತೇಲಿದ, ಆದರೆ ಹೊಟ್ಟೆಯ ಹತ್ತಿರ ಡ್ರಮ್ಮಿನ ಬಾಯಿಗೆ ಸಿಕ್ಕಿಕೊಂಡ. ಕೊರಳಲ್ಲಿದ್ದ ಸೀಟಿ ಊದಿದ. ನಾನು, ಅಮ್ಮ ಸೇರಿ ಡ್ರಮ್ಮನ್ನೇ ಮಲಗಿಸಿ ಅವನನ್ನು ಹೊರಗೆ ಎಳೆದೆವು. “ಸೀಟಿ ಕೆಲಸ ಮಾಡುತ್ತೆ” ಎಂದು ಅಪ್ಪ ಪಟ್ಟಿಯಲ್ಲಿ ಗುರುತು ಹಾಕಿಕೊಂಡ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಊರಿಗೆಲ್ಲ ಗೊತ್ತು. ಮೊದಲ ವಾರ ಕೂಗಾಡಿದೆ. ಎರಡನೆಯ ವಾರ ಸುಮ್ಮನಾದೆ, ಏಕೆಂದರೆ ಆ ಪಟ್ಟಿಯನ್ನು ಒಂದು ದಿನ ಕೂತು ಓದಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ತಪ್ಪೇ ಇರಲಿಲ್ಲ. ಪೆಟ್ರೋಲನ್ನು ಮೂರು ಪಾಲು ಮಾಡುವುದು, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಮುಟ್ಟಬಾರದ್ದು. ಎಂಜಿನ್ನಿನ ಕೆಂಪು ಹಗ್ಗವನ್ನು ಓಡಿಸುವವರ ಮಣಿಕಟ್ಟಿಗೆ ಕಟ್ಟುವುದು. ಅವರು ನೀರಿಗೆ ಬಿದ್ದರೆ ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ಬಿಡಿ ಸ್ಪಾರ್ಕ್ ಪ್ಲಗ್, ಹುಟ್ಟು ಎರಡು, ಲಂಗರು, ನೀರು ಚೆಲ್ಲಲು ಬಕೆಟ್, ದಿಕ್ಸೂಚಿ, ಬಿಸಿಲಿಗೆ ಹೊಳೆಯಿಸಿ ದೂರದವರನ್ನು ಕರೆಯಲು ಕನ್ನಡಿ, ಪ್ಲಾಸ್ಟಿಕ್ ಚೀಲದಲ್ಲಿ ಫೋನ್. ಅಲೆಯ ತುದಿ ಬೆಳ್ಳಗಾಗಿದ್ದರೆ ಹೊರಡಲೇಬಾರದು. ನಡುದಾರಿಯಲ್ಲಿ ಗುರುತಿಗೆಂದು ನಿಲ್ಲಿಸಿದ ಕೆಂಪು ಪೀಪಾಯಿಯನ್ನು ಎಂಟೂಕಾಲರೊಳಗೆ ದಾಟದಿದ್ದರೆ ಮರುಮಾತಿಲ್ಲದೆ ವಾಪಸ್. ಇಷ್ಟು ವರ್ಷ ನಾನು ಒಂದು ಬಾಟಲಿ ನೀರು, ಒಂದು ಸ್ಪ್ಯಾನರ್ ಹಿಡಿದು ಹೋಗಿಬರುತ್ತಿದ್ದುದನ್ನು ನೆನೆದು, ಎರಡು ಬಿಡಿ ಸ್ಪಾರ್ಕ್ ಪ್ಲಗ್ ತೆಗೆದು ದೋಣಿಯಲ್ಲಿಟ್ಟೆ. ಅಪ್ಪನಿಗೆ ಮಾತ್ರ ಅದನ್ನು ಹೇಳಲಿಲ್ಲ.

ಕೊನೆಗೆ ಅಪ್ಪ ಎಲ್ಲವನ್ನೂ ಸೇರಿಸಿ ಏಳು ಪುಟದ ‘ಪ್ರಯಾಣ ಯೋಜನೆ’ ಬರೆದ. ಬರೆದದ್ದು ಟಿಕೆಟ್ ಕಿಟಕಿಯ ಭಾಷೆಯಲ್ಲಿ. ಮೂವತ್ತೊಂದು ವರ್ಷ ದಕ್ಕೆಯ ನೋಟಿಸುಗಳನ್ನೆಲ್ಲ ಬರೆದವನು ಅವನೇ: ‘ಸಾಲಿನಲ್ಲಿ ನಿಲ್ಲುವುದು’, ‘ಮಕ್ಕಳ ಕೈ ಹಿಡಿಯುವುದು’, ‘ಚಿಲ್ಲರೆ ತರುವುದು’. ಆ ಭಾಷೆಯಲ್ಲಿ ನಾನು ಇಲ್ಲ, ನೀನು ಇಲ್ಲ, ಅವನು ಅವಳು ಯಾರೂ ಇಲ್ಲ. ಯೋಜನೆಯ ಮೊದಲ ಪುಟ ಹೀಗಿತ್ತು:

‘ಈ ಕಡೆಯಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊರಡುವುದು. ದೋಣಿ, ಎಂಜಿನ್ ಮೊದಲೇ ಗೊತ್ತು ಮಾಡಿಕೊಳ್ಳುವುದು. ಆರೂ ಮುಕ್ಕಾಲಿಗೆ ಜಾಕೆಟ್ ಕಟ್ಟಿಕೊಂಡು ದಕ್ಕೆಯಲ್ಲಿರುವುದು. ಮೊಣಕಾಲು ನೋವಿನವರು ಬೆನ್ನಿಗೆ ಆಸರೆಯಿರುವಂತೆ ಕೂರುವುದು. ಎದುರಿಗೆ ದೋಣಿ ಬಂದರೆ ಬಲಕ್ಕೆ ತಿರುಗಿ ದೂರ ಸರಿಯುವುದು, ಸೀಟಿ ಊದುವುದು. ಆ ಕಡೆ ಒಂಬತ್ತಕ್ಕೆ ತಲುಪುವುದು. ಆ ಕಡೆಯ ದಕ್ಕೆಯಲ್ಲಿ ಒಬ್ಬರು ಕಾದಿರುವುದು.’

ಮೊಣಕಾಲು ನೋವು ಅಪ್ಪನಿಗೂ ಇತ್ತು, ನಮ್ಮ ವಂಶದಲ್ಲಿ ಅದು ಎಲ್ಲರಿಗೂ ಬರುತ್ತದೆ. ಅಪ್ಪ ಈ ಏಳು ಪುಟವನ್ನು ನಾಲ್ಕು ಜೆರಾಕ್ಸ್ ಮಾಡಿಸಿದ. ಒಂದು ಅವನಿಗೆ, ಒಂದು ನನಗೆ, ಒಂದು ದಡದಲ್ಲಿ ಕಾಯುವ ಅಮ್ಮನಿಗೆ. ನಾಲ್ಕನೆಯದನ್ನು ಲಕೋಟೆಗೆ ಹಾಕಿ ಟಪಾಲು ದೋಣಿಯಲ್ಲಿ ಅತ್ತೆಗೆ ಕಳಿಸಿದ. “ಫೋನ್ ಎತ್ತಲ್ಲ ಅಂದಿದ್ದಾಳೆ, ಕಾಗದ ಓದಲ್ಲ ಅಂದಿಲ್ಲವಲ್ಲ” ಎಂದ. ಬೇರೆ ಚೀಟಿ ಬರೆದು ಸೇರಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆ ದಿನ ಬಂತು. ಸಮುದ್ರ ತಣ್ಣಗೆ, ಸಪಾಟಾಗಿ ಮಲಗಿತ್ತು. ಆರೂ ಮುಕ್ಕಾಲಿಗೆ ಅಪ್ಪ ಜಾಕೆಟ್ ಕಟ್ಟಿಕೊಂಡು ದಕ್ಕೆಯಲ್ಲಿದ್ದ; ನಿಜವಾಗಿ ಐದೂವರೆಗೇ ಇದ್ದ. ಕೊರಳಿಗೆ ಸೀಟಿ, ದುರ್ಬೀನು, ಕನ್ನಡಿ ಮೂರೂ ನೇತುಹಾಕಿಕೊಂಡಿದ್ದ. ದೋಣಿಗೆ ಕಾಲಿಡುವಾಗ ಅವನ ಕೈ ನನ್ನ ಭುಜವನ್ನು ಹಿಡಿದ ಹಿಡಿತ ಇನ್ನೂ ನೆನಪಿದೆ. ನಾನು ಬಯ್ಯಲಿಲ್ಲ.

“ಒಂಬತ್ತೂವರೆ ಒಳಗೆ ತಲುಪಿದ್ವಿ ಅಂತ ಸುದ್ದಿ ಬರ್ಲಿಲ್ಲ ಅಂದ್ರೆ ಪೊಲೀಸರಿಗೆ ಹೇಳ್ಬೇಕು. ಬಂದ್ರೆ ಆರನೇ ಪುಟದಲ್ಲಿ ಗುರುತು ಹಾಕ್ಬೇಕು” ಎಂದು ಅಮ್ಮನಿಗೆ ಹದಿನೈದನೆಯ ಸಲ ಹೇಳಿದ.

“ಹಾಕ್ತೀನಿ. ಹೋಗಿಬನ್ನಿ, ಬಿಸಿಲಾಗುತ್ತೆ” ಎಂದಳು ಅಮ್ಮ.

ಮೊದಲ ಅರ್ಧ ಗಂಟೆ ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಒಂದು ಕಣ್ಣು ತೆರೆದ. ಎಂಟು ಗಂಟೆಯ ಹೊತ್ತಿಗೆ ಎರಡೂ ಕಣ್ಣಿಗೆ ದುರ್ಬೀನು ಹಚ್ಚಿ, ತಾನೇ ಈ ಸಮುದ್ರವನ್ನು ಕೊಂಡುಕೊಂಡವನಂತೆ ಕೂತ. ಕೆಂಪು ಪೀಪಾಯಿ ಕಂಡಿತು. ಅದರ ಆಚೆಯಿಂದ ನಮ್ಮ ಕಡೆಗೇ ಒಂದು ಸಣ್ಣ ದೋಣಿ ಬರುತ್ತಿತ್ತು.

“ನೋಡೇ ಅಲ್ಲಿ! ದೋಣಿ ಮಧ್ಯ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ ಯಾರೋ! ಮೇಲೆ ಛತ್ರಿ ಬೇರೆ! ಇಂಥ ಬುದ್ಧಿಗೇಡಿಗಳಿಂದ್ಲೇ ಅಪಘಾತ ಆಗೋದು. ಬಲಕ್ಕೆ ತಿರುಗ್ಸು, ದೂರ ಹೋಗು!”

ನಾನು ಬಲಕ್ಕೆ ತಿರುಗಿಸಿದೆ. ಅಪ್ಪ ಸೀಟಿ ಊದಿದ. ಆಶ್ಚರ್ಯವೆಂದರೆ ಆ ದೋಣಿಯೂ ಬಲಕ್ಕೆ ತಿರುಗಿತು, ಅಲ್ಲಿಂದಲೂ ಸೀಟಿ ಕೇಳಿಸಿತು. ಛತ್ರಿಯ ಕೆಳಗಿನ ಮುಖ ಕಾಣಲಿಲ್ಲ.

“ಪರವಾಗಿಲ್ಲ, ಸ್ವಲ್ಪ ನಿಯಮ ಗೊತ್ತಿರೋ ಹಾಗಿದೆ” ಎಂದು ಅಪ್ಪ ಒಪ್ಪಿಗೆ ಕೊಟ್ಟ.

ಒಂಬತ್ತಕ್ಕೆ ಐದು ನಿಮಿಷವಿರುವಾಗ ದ್ವೀಪ ತಲುಪಿದೆವು. ದಕ್ಕೆಯಲ್ಲಿ ಯಾರೂ ಕಾದಿರಲಿಲ್ಲ. ಅಪ್ಪನ ಮುಖ ಇಳಿಯಿತು. ದಕ್ಕೆಯ ಬೆನ್ನಿಗೇ ಮೂರನೆಯ ಮನೆ ಅತ್ತೆಯದು. ಅಪ್ಪನಿಗೆ ಅದರ ನಂಬರು ಕಾಗದಗಳ ಮೇಲೆ ಬರೆದೂ ಬರೆದೂ ಬಾಯಿಪಾಠವಾಗಿತ್ತು. ಜಾಕೆಟ್ ಸಮೇತ ಬಾಗಿಲಿಗೆ ಹೋಗಿ ತಟ್ಟಿದ. ಉತ್ತರವಿಲ್ಲ. ಮತ್ತೆ ತಟ್ಟಿದ.

“ಅಕ್ಕ, ನಾನು ಕಣೆ. ಬಂದಿದೀನಿ.”

ಒಳಗಿನಿಂದ ಸದ್ದಿಲ್ಲ. ನಾನು ದೋಣಿಯ ಹಗ್ಗ ಕಟ್ಟಿ ಹಿಂದೆ ಬರುವಷ್ಟರಲ್ಲಿ ಅಪ್ಪ ಬಾಗಿಲಿಗೆ ಹಣೆ ಆನಿಸಿ ನಿಂತಿದ್ದ.

“ಸಿಟ್ಟು ಮಾಡ್ಕೋಬೇಡ ಕಣಕ್ಕ. ಇವತ್ತೇ ತಾನೇ ಎಪ್ಪತ್ತು? ಸರಿಯಾಗಿ ಬಂದಿದೀನಲ್ಲ. ತೆಗಿ. ಆಯ್ತು, ತೆಗೀಬೇಡ, ಕೇಳಿಸ್ಕೋ ಸಾಕು. ರಜ ಸಿಗ್ಲಿಲ್ಲ ಅಂದಿದ್ದೆಲ್ಲ ಸುಳ್ಳು. ವರ್ಷಕ್ಕೆ ಮೂವತ್ತು ದಿನ ಇತ್ತು, ಒಂದೂ ತಗೊಳ್ಳಿಲ್ಲ. ನಂಗೆ ಹೆದ್ರಿಕೆ ಅಕ್ಕ. ಬರೀ ಹೆದ್ರಿಕೆ. ನೀನು ಹೋಗುವಾಗ್ಲೆಲ್ಲ ಕಿಟಕಿಯಿಂದ ಹಡಗು ನೋಡ್ತಾ ಇರ್ತಿದ್ದೆ, ಅದು ಕಾಣದೇ ಹೋಗೋ ತನಕ. ನನ್ನ ಹೊತ್ಕೊಂಡು ಸಾಕಿದವಳು ಒಬ್ಳೇ ಹೋಗ್ತಾಳೆ, ನಾನು ಟಿಕೆಟ್ ಹರೀತಾ ಕೂತಿದೀನಿ ಅಂತ ನಾಚಿಕೆ ಆಗೋದು. ಆದ್ರೂ ಹತ್ತೋಕೆ ಆಗ್ಲಿಲ್ಲ.”

ಇಷ್ಟು ವರ್ಷ ನಾನೂ ಆ ರಜದ ಮಾತನ್ನು ನಂಬಿದ್ದೆ. ಸಮಾಧಾನ ಮಾಡಲೆಂದು ಹತ್ತಿರ ಹೋದವಳಿಗೆ ಅವನ ಮೊಣಕೈಯ ಪಕ್ಕದಲ್ಲಿ ಚಿಲಕಕ್ಕೆ ಹಾಕಿದ್ದ ಬೀಗ ಕಾಣಿಸಿತು. ಮುಷ್ಟಿ ಗಾತ್ರದ ಬೀಗ.

“ಅಪ್ಪ” ಎಂದೆ. “ಹೊರಗಡೆಯಿಂದ ಬೀಗ ಹಾಕಿದೆ.”

ಪಕ್ಕದ ಮನೆಯ ಹೆಂಗಸು ಹಗ್ಗದ ಮೇಲೆ ಬಟ್ಟೆ ಹರವುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒದ್ದೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಟೀಚರು ಮನೇಲಿಲ್ಲ. ಬೆಳಿಗ್ಗೆ ಏಳಕ್ಕೇ ನಮ್ಮನೆಯವ್ರ ದೋಣೀಲಿ ಆ ಕಡೆ ಹೋದ್ರಲ್ಲ” ಎಂದಳು.

“ಯಾವ ಕಡೆ?” ಎಂದ ಅಪ್ಪ.

“ಅದೇ, ಅವರ ತಮ್ಮನ ಮನೆಗೆ. ಏಳು ಪುಟದ ಕಾಗದ ಬಂದಿತ್ತು. ‘ನೋಡಮ್ಮ, ತಾನು ಬರೋಕಾಗ್ದೆ ನನ್ನನ್ನೇ ಕರೆಸ್ಕೊಳ್ತಿದ್ದಾನೆ, ಎಪ್ಪತ್ತಾದ್ರೂ ನಾನೇ ಹೋಗ್ಬೇಕು’ ಅಂತ ಬೈಕೊಂಡ್ರು. ಆಮೇಲೆ ‘ಮೊಣಕಾಲು ನೋವು ಅಂತ ಬೆನ್ನಿಗೆ ಆಸರೆ ಇಟ್ಕೊ ಅಂತ ಕೂಡ ಬರ್ದಿದ್ದಾನೆ ಪಾಪ’ ಅಂತ ಅತ್ರು. ಅದಕ್ಕೇ ನಮ್ಮನೆಯವ್ರು ದೋಣೀಲಿ ಕುರ್ಚಿ ಹಾಕಿ ಕರ್ಕೊಂಡು ಹೋದ್ರು.”

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ನನ್ನ ಪಾಲಿನ ಜೆರಾಕ್ಸ್ ತೆಗೆದು ಮೊದಲ ಪುಟ ಓದಿದೆ, ಈ ಸಲ ದ್ವೀಪದಲ್ಲಿ ನಿಂತು. ಈ ಕಡೆಯಿಂದ ಹೊರಡುವುದು. ಆ ಕಡೆ ತಲುಪುವುದು. ನಿಂತ ಜಾಗ ಬದಲಾದ ಕೂಡಲೇ ಇಡೀ ಯೋಜನೆ ಅಕ್ಷರವೂ ಬದಲಾಗದೆ ಉಲ್ಟಾ ಹೊಡೆದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಅಪ್ಪ ಗಡಿಯಾರ ನೋಡಿ ಚೀರಿದ:

“ಒಂಬತ್ತು ಇಪ್ಪತ್ತೇಳು! ನಿಮ್ಮಮ್ಮ ಪೊಲೀಸರಿಗೆ ಹೇಳ್ತಾಳೆ!”

ಫೋನ್ ಮಾಡಿದೆ. ಅಮ್ಮ ನಿರಾಳವಾಗಿದ್ದಳು. “ಪೊಲೀಸ್ ಯಾಕೆ? ತಲುಪಿದ್ದಾಯ್ತಲ್ಲ, ಆರನೇ ಪುಟದಲ್ಲಿ ಗುರುತು ಹಾಕ್ದೆ. ಯಾರು ತಲುಪಬೇಕು ಅಂತ ಬರೆದಿರ್ಲಿಲ್ಲ, ಅತ್ತಿಗೆ ತಲುಪಿದ್ರು. ಕುರ್ಚಿ ಸಮೇತ ಎತ್ತಿ ಇಳಿಸಿದ್ವಿ.” ಹಿಂದಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು: “ದಕ್ಕೆಗೂ ಬರ್ಲಿಲ್ಲ ನೋಡು ಅವನು! ಎಲ್ಲಿ ಬಚ್ಚಿಟ್ಕೊಂಡಿದ್ದಾನೆ ಹೇಳು!”

“ನಿಮ್ಮನೆಗೆ ಹೋಗಿದ್ದಾರೆ ಅಂತ ಹೇಳ್ದೆ, ನಂಬ್ತಾ ಇಲ್ಲ” ಎಂದಳು ಅಮ್ಮ.

ಫೋನನ್ನು ಅಪ್ಪನ ಕಿವಿಗೆ ಹಿಡಿದೆ. “ಅಕ್ಕ” ಎಂದ.

“ಫೋನಲ್ಲಿ ಮಾತಾಡಲ್ಲ ಅಂದಿದ್ದೆ. ಬಾಗಿಲಲ್ಲಿ ನಿಂತು ಮಾತಾಡು ಅಂದಿದ್ದೆ” ಎಂಬ ಗುಡುಗು ನನಗೂ ಕೇಳಿಸಿತು.

“ಬಾಗಿಲಲ್ಲೇ ನಿಂತಿದೀನಿ ಕಣಕ್ಕ.”

“ಯಾರ ಬಾಗಿಲಲ್ಲಿ?”

“ನಿನ್ನ ಬಾಗಿಲಲ್ಲಿ.”

“ಸುಳ್ಳು. ಎಲ್ಲಿ, ಬಾಗಿಲು ಯಾವ ಬಣ್ಣ ಇದೆ ಹೇಳು.”

“ಹಸಿರು. ಕೆಳಗಡೆ ಬಣ್ಣ ಎದ್ದಿದೆ. ಬಲಗಡೆ ಒಂದು ಮುರಿದ ಬಕೆಟಲ್ಲಿ ಮೆಣಸಿನ ಗಿಡ ಇದೆ. ನೀರು ಹಾಕಿಲ್ಲ ಇವತ್ತು.”

ಆ ಕಡೆಯಿಂದ ಮೂಗು ಏರಿಸಿದ ಸದ್ದು ಬಂತು. ಈ ಕಡೆಯಿಂದಲೂ ಬಂತು.

“ದಡ್ಡ ಮುಂಡೇದೆ” ಎಂದಳು ಅತ್ತೆ ಕೊನೆಗೆ. “ಯಾರು ಹೊರಡ್ಬೇಕು ಅಂತ ಬರೀಬಾರ್ದಾ?”

“‘ಈ ಕಡೆಯಿಂದ’ ಅಂತ ಬರ್ದಿದ್ನಲ್ಲ!”

“ನಾನೂ ಈ ಕಡೆನೇ ಇರೋದು ಕಣೋ, ಇಪ್ಪತ್ತೆಂಟು ವರ್ಷದಿಂದ!”

ಅಪ್ಪ ತಕ್ಷಣ ಹೊರಟು ಬರುತ್ತೇನೆಂದ. ತಾನೇ ಹೊರಟು ಬರುತ್ತೇನೆಂದಳು ಅತ್ತೆ. ನೀನು ಅಲ್ಲೇ ಇರು, ಇಲ್ಲ ನೀನು ಅಲ್ಲೇ ಇರು, ಅಲ್ಲೇ ಅಂದರೆ ಎಲ್ಲೇ ಎಂದು ಹತ್ತು ನಿಮಿಷ ಜಗ್ಗಾಡಿದರು. ಅಷ್ಟರಲ್ಲಿ ಗಾಳಿ ಎದ್ದು ಅಲೆಯ ತುದಿಗಳು ಬೆಳ್ಳಗಾದವು. ಯೋಜನೆಯ ಎಂಟನೆಯ ನಿಯಮದ ಪ್ರಕಾರ ಆ ದಿನ ಯಾರೂ ಎಲ್ಲಿಂದಲೂ ಹೊರಡುವಂತಿರಲಿಲ್ಲ. ಅದನ್ನು ಮೊದಲು ಹೇಳಿದವಳು ಅತ್ತೆ. ಏಳೂ ಪುಟ ಅವಳಿಗೆ ಬಾಯಿಪಾಠವಾಗಿತ್ತು.

ಪಕ್ಕದ ಮನೆಯ ಹೆಂಗಸು ಬೀಗದ ಕೈ ತಂದುಕೊಟ್ಟಳು. “ಒಂದ್ವೇಳೆ ಯಾರಾದ್ರೂ ಬಂದ್ರೆ ಇರ್ಲಿ ಅಂತ ಟೀಚರು ಯಾವಾಗ್ಲೂ ನನ್ನ ಹತ್ರ ಕೊಟ್ಟೇ ಹೋಗೋದು” ಎಂದಳು. ಅಪ್ಪ ಆ ಮಾತಿಗೆ ತಲೆಯೆತ್ತಿ ನೋಡಿದ. ಅಪ್ಪನ ಒಂದ್ವೇಳೆಯನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡು ನಕ್ಕವಳು ಅತ್ತೆಯೇ.

ಎರಡು ಕೋಣೆಯ ಮನೆ. ಒಂದರಲ್ಲಿ ಅತ್ತೆಯ ಮಂಚ, ಪುಸ್ತಕ, ಹಳೆಯ ಗ್ಲೋಬು. ಇನ್ನೊಂದರಲ್ಲಿ ಒಂದು ಮಂಚ, ಇಸ್ತ್ರಿ ಮಾಡಿದ ಹೊದಿಕೆ, ಕುರ್ಚಿಯ ಬೆನ್ನಿಗೆ ಟವೆಲ್, ಕೆಳಗೆ ಗಂಡಸರ ಚಪ್ಪಲಿ. ಅಪ್ಪ ಕಾಲಿಟ್ಟು ನೋಡಿದ; ಅವನದೇ ಅಳತೆ, ಅಟ್ಟೆ ಸವೆದಿರಲೇ ಇಲ್ಲ. ಕಪಾಟಿನಲ್ಲಿ ಪೊಟ್ಟಣ ಒಡೆಯದ ಹಲ್ಲುಜ್ಜುವ ಬ್ರಷ್ಷುಗಳ ಸಾಲೇ ಇತ್ತು, ವರ್ಷಕ್ಕೊಂದರಂತೆ ಕೊಂಡಿಟ್ಟದ್ದಿರಬೇಕು. ಕಪಾಟಿನ ಬಾಗಿಲ ಒಳಗಡೆ ಒಂದು ಹಳದಿಗಟ್ಟಿದ ಕಾಗದ ಅಂಟಿಸಿತ್ತು. ಟೀಚರ ದುಂಡು ಅಕ್ಷರ:

‘ಒಂದು ವೇಳೆ ಅವನು ಬಂದರೆ. ೧. ಬಾಗಿಲು ತೆಗೆದ ಕೂಡಲೇ ಬಯ್ಯಬಾರದು. ೨. ಕುಡಿಯಲು ನೀರು ಕೊಡುವುದು. ೩. ಕೂತ ಮೇಲೆ ಬಯ್ಯುವುದು.’

ಅಪ್ಪ ಅದನ್ನು ಎಷ್ಟೋ ಹೊತ್ತು ಓದಿದ. ಮೂರು ಸಾಲು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಆಮೇಲೆ ಚಪ್ಪಲಿ ಹಾಕಿಕೊಂಡೇ ಹೊರಗೆ ಹೋಗಿ ಮೆಣಸಿನ ಗಿಡಕ್ಕೆ ನೀರು ಹಾಕಿದ.

ಮಾರನೆಯ ದಿನ ಗಾಳಿ ಇಳಿಯಿತು. ಹಿಂದಿನ ಸಂಜೆಯೇ ಅಪ್ಪ ಫೋನಿನಲ್ಲಿ ಹೊಸ ಯೋಜನೆ ಹೇಳಿ ಬರೆಸಿದ್ದ, ಒಂದೇ ಸಾಲಿನದು, ನಾನು ನೀನು ಎರಡೂ ಇದ್ದದ್ದು: “ಅಕ್ಕ, ನೀನು ನಿನ್ನ ಮನೆಗೆ ಬಾ, ನಾನು ನಿನ್ನ ಮನೇಲೇ ಇರ್ತೀನಿ.” ಅತ್ತೆ ಪಕ್ಕದ ಮನೆಯವನ ದೋಣಿಯಲ್ಲಿ ಬಂದಳು. ಜೊತೆಗೆ ಅಮ್ಮನೂ ಬಂದಳು.

“ನೀನ್ಯಾಕೆ ಬಂದೆ? ದಡದಲ್ಲಿ ಕಾಯೋರು ಯಾರು?” ಎಂದು ಕೇಳಿದ ಅಪ್ಪ.

“ಗುರುತು ಹಾಕೋ ಪುಟ ತಂದಿದೀನಿ, ಇಲ್ಲೇ ಹಾಕ್ತೀನಿ. ಇಪ್ಪತ್ತಾರು ದಿನ ನಡುಮನೇಲಿ ದೋಣಿ ನಡೆಸಿದವಳು ನಾನು, ನಿಜವಾದ್ದನ್ನ ಒಂದ್ಸಲ ಹತ್ತಬಾರ್ದಾ?” ಎಂದಳು ಅಮ್ಮ.

ಅಪ್ಪ ದಕ್ಕೆಯಿಂದ ಓಡೋಡಿ ಎಲ್ಲರಿಗಿಂತ ಮೊದಲು ಮನೆ ಸೇರಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅತ್ತೆ ನನ್ನ ತೋಳು ಹಿಡಿದು ಕುಂಟುತ್ತ ಬಂದು, ತನ್ನ ಮನೆಯ ಮುಚ್ಚಿದ ಬಾಗಿಲನ್ನು ನೋಡಿ ನಿಂತಳು. ಆಮೇಲೆ ತಟ್ಟಿದಳು.

ಬಾಗಿಲು ತೆರೆಯಿತು. ಅಪ್ಪ ಒಂದು ಲೋಟ ನೀರು ಹಿಡಿದು ನಿಂತಿದ್ದ. “ಬಾ ಅಕ್ಕ” ಎಂದ. ಅಷ್ಟು ಹೇಳುವುದರೊಳಗೆ ಲೋಟದ ನೀರು ಅರ್ಧ ಚೆಲ್ಲಿತ್ತು.

ಅತ್ತೆ ಹೊಸಿಲಲ್ಲೇ ನಿಂತು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಚಪ್ಪಲಿಯ ಮೇಲೆ ಅವಳ ಕಣ್ಣು ನಿಂತಿತು.

“ಸರಿಯಾಗಿದೆಯಾ?” ಎಂದು ಕೇಳಿದಳು.

“ಸರಿಯಾಗಿದೆ.”

“ಬಿಗಿ ಇಲ್ಲ ತಾನೆ?”

“ಇಲ್ಲಕ್ಕ.”

ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಉಳಿದರ್ಧ ಲೋಟ ನೀರು ಕುಡಿದಳು. ಅಪ್ಪ ಅವಳ ಕಾಲ ಹತ್ತಿರ ಸಣ್ಣ ಸ್ಟೂಲು ಎಳೆದುಕೊಂಡು, ಎರಡೂ ಕೈ ಮಂಡಿಯ ಮೇಲಿಟ್ಟು ಕೂತ.

“ಮೂರನೇದು ಬಾಕಿ ಇದೆ. ನಾನು ಕೂತಾಯ್ತು, ಶುರು ಮಾಡು” ಎಂದ.

ಅತ್ತೆ ಗಂಟಲು ಸರಿಮಾಡಿಕೊಂಡಳು. “ವರ್ಷಕ್ಕೆ ಮೂವತ್ತು ದಿನ ರಜ ಇತ್ತಂತೆ?” ಎಂದಳು. ಪಕ್ಕದ ಮನೆಯವಳು ಬಾಯಿಗೆ ಬೀಗ ಹಾಕುವ ಪೈಕಿ ಅಲ್ಲ, ರಾತ್ರಿಯೇ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಳು.

ಅಲ್ಲಿಂದ ಶುರುವಾದದ್ದು ಊಟದ ಹೊತ್ತಿನವರೆಗೂ ನಡೆಯಿತು. ಇಪ್ಪತ್ತೆಂಟು ವರ್ಷದ್ದನ್ನೂ ಒಂದೊಂದಾಗಿ ತೆಗೆದು ಬಯ್ದಳು. ನಡುವೆ ಒಂದೆರಡು ಸಲ ನಿಲ್ಲಿಸಿ ನೀರು ಕುಡಿದು ಮತ್ತೆ ಬಯ್ದಳು. ಅಪ್ಪ ಒಂದೊಂದಕ್ಕೂ ತಲೆಯಾಡಿಸಿದ. ವಾಪಸ್ ಹೊರಡುವುದು ಎಷ್ಟು ಗಂಟೆಗೆ ಎಂದು ನಾನು ಕೇಳಿದಾಗ, ಆ ಕಡೆ ನೋಡದೆಯೇ ಕೈ ಬೀಸಿ “ಸುಮ್ನಿರೇ, ನಾನು ರಜದಲ್ಲಿದೀನಿ” ಎಂದ.